ಗೌಹರ್ ಜಾನ್ ದನಿಯನ್ನು ಸ್ಪಿರಿಟ್ ಹಾಕಿ ಒರೆಸಬೇಡಿ: ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರಗಳು. ಇದೇ ವಿಷಯಕ್ಕೆ ನಾಲ್ಕು ಅರ್ಜಿ ಕೊಟ್ಟಾಯಿತು. ನಾಲ್ಕಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಅದಕ್ಕೇ ಈಗ ಎಲ್ಲರ ಎದುರು ಕೇಳುತ್ತಿದ್ದೇವೆ. ಸರ್ಕಾರಿ ಸಂಗ್ರಹಗಳಲ್ಲಿರುವ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು, ಕೆಲಸ ಬಲ್ಲವರು ಬರುವವರೆಗೆ ಯಾರೂ ಒರೆಸಬಾರದು, ಯಾರೂ ನುಡಿಸಬಾರದು. ಹೀಗೊಂದು ಆದೇಶ ಹೊರಡಿಸಿ.

ಆ ಪ್ಲೇಟುಗಳಲ್ಲಿ ಇರುವುದು ಯಾರ ದನಿ ಎಂದು ತಮಗೆ ತಿಳಿದೇ ಇದೆ. 1887ರಲ್ಲಿ ಬಿಹಾರದ ದರ್ಭಂಗಾ ಆಸ್ಥಾನದಲ್ಲಿ ತಮ್ಮ ಮೊದಲ ಕಛೇರಿ ಕೊಟ್ಟ ಹುಡುಗಿ ಗೌಹರ್ ಜಾನ್. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಅವರು ಧ್ವನಿಮುದ್ರಣ ಯಂತ್ರದ ಕಹಳೆಯೊಳಕ್ಕೆ ಮುಖವಿಟ್ಟು ಹಾಡಿದರು. ಮೈಕ್ ಇಲ್ಲದ ಕಾಲ. ಗಂಟೆಗಟ್ಟಲೆ ಹಾಡುವ ರಾಗವನ್ನು ಪ್ಲೇಟಿನಲ್ಲಿ ಹಿಡಿಯುವ ಮೂರು ನಿಮಿಷಕ್ಕೆ ಇಳಿಸುವುದು ಹೇಗೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಯಂತ್ರದೆದುರು ಹಾಡಲು ದೊಡ್ಡ ವಿದ್ವಾಂಸರೇ ಹಿಂಜರಿಯುತ್ತಿದ್ದಾಗ ಸಮಾಜ ದೂರವಿಟ್ಟಿದ್ದ ಗೌಹರ್ ಅವರಂಥ ಹೆಣ್ಣುಮಕ್ಕಳು ಮುಂದೆ ಬಂದರು. ಗೌಹರ್ 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಪ್ಲೇಟಿಗೆ ಹಾಡಿದವರೇ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ತಮ್ಮ ದುಡ್ಡು ಸುರಿದ ತಾಯಿ ಅವರು.

ಈಗ ನಡೆದದ್ದು ಕೇಳಿ. ಒಂದು ಸಾರ್ವಜನಿಕ ಸಂಗ್ರಹದಲ್ಲಿ (ಹೆಸರು ಇಲ್ಲಿ ಬೇಡ, ಅರ್ಜಿಯಲ್ಲಿದೆ) ಗಣ್ಯರೊಬ್ಬರು ಬರುತ್ತಾರೆಂದು ಪ್ಲೇಟುಗಳನ್ನು ‘ಸ್ವಚ್ಛ’ ಮಾಡಿಸಿದರು. ಹತ್ತಿಗೆ ಸ್ಪಿರಿಟ್ ಅದ್ದಿ ತಿಕ್ಕಿದರು. ಹತ್ತಿ ಕಪ್ಪಾಯಿತು, ಕೊಳೆ ಹೋಯಿತೆಂದು ಸಂತೋಷಪಟ್ಟರು. ಹೋದದ್ದು ಕೊಳೆಯಲ್ಲ ಸ್ವಾಮಿ, ಪ್ಲೇಟು! ಅದು ಅರಗು, ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಕಲಸಿ ಒತ್ತಿದ್ದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ ಎಂಬುದು ಮೇಜು ಕುರ್ಚಿಗೆ ಪಾಲಿಶ್ ಹಾಕುವ ಪ್ರತಿಯೊಬ್ಬನಿಗೂ ಗೊತ್ತು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ದನಿ ಅಡಗಿರುವ ಗೆರೆಗಳು ಹೊಳೆಯಬೇಕಿದ್ದ ಜಾಗದಲ್ಲಿ ಬೂದಿ ಬಳಿದಂಥ ಮಂಕು. ಅಲ್ಲಿ ಇನ್ನು ದನಿ ಇಲ್ಲ.

ಸಾಲದ್ದಕ್ಕೆ ಅತಿಥಿಗಳಿಗೆಂದು ಒಂದೇ ಉಕ್ಕಿನ ಮುಳ್ಳಿನಲ್ಲಿ ಐದಾರು ಪ್ಲೇಟು ನುಡಿಸಿದರು. ಒಂದು ಬದಿಗೆ ಒಂದು ಮುಳ್ಳು, ಆಮೇಲೆ ಎಸೆಯಬೇಕು. ಇದು ನಮ್ಮ ಅಜ್ಜಂದಿರ ಕಾಲದ ನಿಯಮ. ಸವೆದ ಮುಳ್ಳು ಉಳಿಯಂತೆ ಕೆರೆಯುತ್ತದೆ, ಅದರಲ್ಲೂ ಲೇಬಲ್ ಹತ್ತಿರದ ಕೊನೆಯ ಗೆರೆಗಳನ್ನು. ಗೌಹರ್ ಹಾಡು ಮುಗಿಸಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳುವುದು ಅಲ್ಲೇ. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಲೆಂದು ಹೇಳಿದ ಮಾತು. ಮುಳ್ಳು ಮೊದಲು ಅಳಿಸುವುದು ಆಕೆಯ ಹೆಸರನ್ನೇ.

ಮಾಡಬೇಕಾದದ್ದು ಬೆಟ್ಟದಂಥ ಕೆಲಸವಲ್ಲ. ಒಂದು ಕೋಣೆ ಬೇಕು: 18ರಿಂದ 20 ಡಿಗ್ರಿ, ತೇವಾಂಶ ಶೇ 40ರ ಆಸುಪಾಸು. ಪ್ಲೇಟುಗಳನ್ನು ಆಮ್ಲರಹಿತ ಕಾಗದದ ಚೀಲದಲ್ಲಿಟ್ಟು ನೇರವಾಗಿ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಅಡಿಯವು ಬಿರಿಯುತ್ತವೆ. ತೊಳೆಯಲು ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಸೌಮ್ಯ ಸೋಪಿನ ದ್ರವ, ಮೃದು ಬ್ರಷ್. ಉಜ್ಜುವುದು ಗೆರೆಯ ಗುಂಟ, ಅಡ್ಡಡ್ಡ ಅಲ್ಲ. ನೆನೆಹಾಕಬಾರದು, ಲೇಬಲ್ ಒದ್ದೆಯಾಗಬಾರದು. ನುಡಿಸಲು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರು ಭಾಗದಷ್ಟು ತುದಿಯ ಸ್ಟೈಲಸ್ (ಮುಳ್ಳು) ಬೇಕು. ನಂತರ ಬಂದ ಎಲ್‌ಪಿ ಪ್ಲೇಟುಗಳ ಸಣ್ಣ ಸ್ಟೈಲಸ್ ಗೆರೆಯ ತಳದ ಕಸದಲ್ಲಿ ಓಡಿ ಬರೀ ಕರಕರ ಸದ್ದು ಕೊಡುತ್ತದೆ. ವೇಗವನ್ನು ಕಣ್ಣುಮುಚ್ಚಿ ನಿಮಿಷಕ್ಕೆ 78 ಸುತ್ತಿಗೆ ಇಡುವುದೂ ತಪ್ಪು. 74ರಲ್ಲಿ ಕೊರೆದ ಪ್ಲೇಟನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲೇರಿ, ಗಾಯಕಿ ಗೊಂಬೆಯಂತೆ ಕೀರಲಾಗುತ್ತಾಳೆ. ದನಿಯನ್ನು 96 ಕಿಲೋಹರ್ಟ್ಸ್, 24 ಬಿಟ್‌ನ ಡಿಜಿಟಲ್ ಕಡತಕ್ಕೆ, ಸದ್ದು ಕಳೆಯುವ ಯಾವ ಕೈಚಳಕವೂ ಇಲ್ಲದೆ ಇದ್ದಂತೆ ಇಳಿಸಿಕೊಂಡು ಮೂರು ಪ್ರತಿ ಇಡಬೇಕು. ಚೊಕ್ಕ ಮಾಡುವುದು ಬೇರೆ ಪ್ರತಿಯಲ್ಲಿ.

ಹಕ್ಕುಸ್ವಾಮ್ಯದ ನೆಪ ದಯವಿಟ್ಟು ಹೇಳಿಸಬೇಡಿ. ಧ್ವನಿಮುದ್ರಣಕ್ಕೆ 60 ವರ್ಷ ಎಂಬ ಕಾಯ್ದೆ ತಮಗೆ ಗೊತ್ತಿರುವುದೇ. ಇವು ಜನರ ಸ್ವತ್ತಾಗಿ ಎಷ್ಟೋ ಕಾಲವಾಯಿತು.

ಕೋಣೆಗೆ ಹಣ ಮುಂದಿನ ಬಜೆಟ್‌ನಲ್ಲಿ ಕೊಡಿ, ಕಾಯುತ್ತೇವೆ. ಆದೇಶಕ್ಕೆ ಮಾತ್ರ ಕಾಯಲಾರೆವು, ಅದಕ್ಕೆ ಒಂದು ಹಾಳೆ ಸಾಕು: ಒರೆಸಬೇಡಿ, ನುಡಿಸಬೇಡಿ. ಮಳೆಗಾಲ ಬಂದರೆ ಪ್ಲೇಟಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಕೂಡಲೇ ಯಾರಾದರೂ ಮತ್ತೆ ಸ್ಪಿರಿಟ್ ಬಾಟಲಿ ತೆಗೆಯುತ್ತಾರೆ. ಅಷ್ಟರೊಳಗೆ ಸಹಿ ಹಾಕಿ.

ಇಂತಿ,
ಹಳೆಯ ಧ್ವನಿಮುದ್ರಿಕೆಗಳ ಸಂಗ್ರಹಕಾರರು
ಮೈಸೂರು