ಹೀಟ್ ಗನ್ ಹಿಡಿದರೆ ಎಕ್ಸ್‌ಬಾಕ್ಸ್ ರಿಪೇರಿಯಾಗುವುದಿಲ್ಲ

ಮಾನ್ಯರೇ,

ಎಕ್ಸ್‌ಬಾಕ್ಸ್ 360 ಎಂಬ ಮೈಕ್ರೋಸಾಫ್ಟ್ ಕಂಪನಿಯ ವಿಡಿಯೋ ಗೇಮ್ ಸೆಟ್ ಮಾರುಕಟ್ಟೆಗೆ ಬಂದದ್ದು 2005ರ ನವೆಂಬರ್‌ನಲ್ಲಿ. ಅದರ ಹಳೆಯ ದಪ್ಪ ಮಾಡೆಲ್‌ಗಳು ಇಂದಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತಿವೆ. ‘ರೆಡ್ ಲೈಟ್ ಬಂದಿತ್ತು, ರಿಪೇರಿ ಮಾಡಿಸಿದ್ದೇನೆ, ಈಗ ಏನೂ ತೊಂದರೆಯಿಲ್ಲ’ ಎಂದು ಮಾರುವವರು ಹೇಳಿದರೆ, ದುಡ್ಡು ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಚಿಪ್ ಬದಲಿಸಿದ್ದೀರೋ, ಬರೀ ಬಿಸಿ ಕೊಟ್ಟಿದ್ದೀರೋ?

ಪವರ್ ಬಟನ್ ಸುತ್ತಲಿನ ನಾಲ್ಕು ದೀಪಗಳಲ್ಲಿ ಮೂರು ಕೆಂಪಾಗಿ ಮಿನುಗಿದರೆ ಅದು ಒಳಗಿನ ಹಾರ್ಡ್‌ವೇರ್ ದೋಷ. ನಾಲ್ಕೂ ಕೆಂಪಾದರೆ ಗಾಬರಿ ಬೇಡ, ಟಿವಿಯ ಕೇಬಲ್ ಸರಿಯಾಗಿ ಕೂತಿಲ್ಲ ಎಂದಷ್ಟೇ ಅರ್ಥ. ಎರಡು ಬಂದರೆ ಸೆಟ್ ವಿಪರೀತ ಕಾದಿದೆ. ಇದೆಲ್ಲವನ್ನೂ ಒಂದೇ ಕಾಯಿಲೆ ಎಂದು ಹೇಳಿ ಒಂದೇ ಬಿಲ್ ಬರೆಯುವ ಅಂಗಡಿಗಳಿವೆ.

ಮೂರು ದೀಪ ಬಂದಾಗ ದೋಷದ ನಿಜವಾದ ಕೋಡ್ ಮನೆಯಲ್ಲೇ ಓದಬಹುದು. ಮುಂಭಾಗದ ಚಿಕ್ಕ ಸಿಂಕ್ ಬಟನ್ ಒತ್ತಿ ಹಿಡಿದು, ಡಿಸ್ಕ್ ಹೊರತೆಗೆಯುವ ಬಟನ್ನನ್ನು ಒಂದೊಂದಾಗಿ ನಾಲ್ಕು ಸಲ ಒತ್ತಬೇಕು. ಪ್ರತಿ ಸಲವೂ ಒಂದು ಅಂಕಿ: ಒಂದು ದೀಪ 1, ಎರಡು ದೀಪ 2, ಮೂರು ದೀಪ 3; ನಾಲ್ಕೂ ಮಿನುಗಿದರೆ ಸೊನ್ನೆ. 0102 ಬಂದರೆ ಅನುಮಾನ ನೇರವಾಗಿ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನ ಮೇಲೆ.

ಈ ಚಿಪ್ಪಿಗೆ ಆಗುವುದೇನು? ಸಿಲಿಕಾನ್ ತುಣುಕು ತನ್ನ ತಳದ ಹಲಗೆಗೆ ನೂರಾರು ಪುಟಾಣಿ ಬೆಸುಗೆಯ ಬಿಂದುಗಳಿಂದ ಅಂಟಿಕೊಂಡಿರುತ್ತದೆ. ಆಟ ಶುರುವಾದಾಗ ಕಾದು ಹಿಗ್ಗುತ್ತದೆ, ಆರಿಸಿದಾಗ ತಣಿದು ಕುಗ್ಗುತ್ತದೆ; ತುಣುಕು, ಹಲಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ ಈ ಬಿಂದುಗಳು ಬಿರುಕು ಬಿಡುತ್ತವೆ. ಬಿರುಕು ಬಿಟ್ಟದ್ದು ಚಿಪ್ಪಿನ ಒಳಗಿನ ಸಂಪರ್ಕಗಳೇ ಎಂದು ಮೈಕ್ರೋಸಾಫ್ಟ್‌ನವರು 2021ರಲ್ಲಿ ಬಿಡಿಸಿ ಹೇಳಿದರು. 2007ರ ಜುಲೈನಲ್ಲೇ ಅವರು ವಾರಂಟಿಯನ್ನು ಮೂರು ವರ್ಷಕ್ಕೆ ಹಿಗ್ಗಿಸಿ, ಅದಕ್ಕಾಗಿ 105 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿಟ್ಟಿದ್ದರು.

ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದಾಗ, ಅಥವಾ ಸೆಟ್ಟಿಗೆ ಟವೆಲ್ ಸುತ್ತಿ ಕಾಯಿಸಿದಾಗ, ಬಿರುಕಿನ ಎರಡು ಅಂಚುಗಳು ಹಿಗ್ಗಿ ಮತ್ತೆ ತಾಗುತ್ತವೆ. ಪರದೆಯ ಮೇಲೆ ಚಿತ್ರ ಬರುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಆದರೆ ಬೆಸುಗೆ ಕರಗಿ ಕೂಡಿರುವುದಿಲ್ಲ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು, ಟವೆಲ್‌ನ ಬಿಸಿ ಅದರ ಹತ್ತಿರವೂ ಹೋಗದು. ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳು, ಮತ್ತದೇ ಮೂರು ದೀಪ. ಅಷ್ಟರಲ್ಲಿ ಅಕ್ಕಪಕ್ಕದ ಕೆಪಾಸಿಟರ್‌ಗಳೂ ಬೆಂದಿರುತ್ತವೆ. ಟವೆಲ್ ವಿದ್ಯೆಯಂತೂ ಬೆಂಕಿಗೆ ಕೊಟ್ಟ ಆಹ್ವಾನ. ರೀಬಾಲಿಂಗ್, ಅಂದರೆ ಚಿಪ್ ಕಿತ್ತು ಅದರ ಅಡಿಗೆ ಹೊಸ ಬೆಸುಗೆ ಗುಂಡುಗಳನ್ನು ಕೂರಿಸುವ ಕೆಲಸ, ಮಾಡಿದರೂ ಹಳೆಯ ಚಿಪ್ಪನ್ನೇ ವಾಪಸ್ ಕೂರಿಸಿದರೆ ಒಳಗಿನ ಬಿರುಕು ಅಲ್ಲೇ ಇರುತ್ತದೆ.

ಕೊಳ್ಳುವವರು ಸೆಟ್ ಬಿಚ್ಚದೆಯೇ ಬೋರ್ಡಿನ ಪೀಳಿಗೆ ತಿಳಿಯಬಹುದು. ಹಿಂಭಾಗದಲ್ಲಿ ಪವರ್ ಪಿನ್ ಹತ್ತಿರದ ಲೇಬಲ್ ನೋಡಿ. 12 ವೋಲ್ಟ್ 16.5 ಆಂಪಿಯರ್ ಎಂದಿದ್ದರೆ ಮೊದಮೊದಲ ಬೋರ್ಡು, ಬಿಟ್ಟುಬಿಡುವುದೇ ಲೇಸು. 14.2 ಎಂದಿದ್ದರೆ ಪರವಾಗಿಲ್ಲ. 12.1 ಎಂದಿದ್ದರೆ ಗ್ರಾಫಿಕ್ಸ್ ಚಿಪ್ 65 ನ್ಯಾನೋಮೀಟರ್‌ನದು, ಕಡಿಮೆ ಕಾಯುತ್ತದೆ. ದಪ್ಪ ಮಾಡೆಲ್‌ಗಳಲ್ಲಿ ಇದೇ ಮೇಲು. ಎಚ್‌ಡಿಎಂಐ ಇದ್ದ ಮಾತ್ರಕ್ಕೆ ಹೊಸ ಬೋರ್ಡು ಎಂದು ನಂಬಬೇಡಿ, 16.5ರಲ್ಲೂ ಎಚ್‌ಡಿಎಂಐ ಇರುವವು ಇವೆ. ಅಮೆರಿಕದ ನೆಂಟರು ತಂದುಕೊಟ್ಟ ಸೆಟ್ಟಾದರೆ ಅಡಾಪ್ಟರ್ ಮೇಲಿನ ಬರಹವನ್ನೂ ಓದಿ. 100–127 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ.

ಪರೀಕ್ಷೆಗೆ ಸೆಟ್ ಪೂರ್ತಿ ತಣ್ಣಗಿರಬೇಕು. ಮುಟ್ಟಿದಾಗ ಬೆಚ್ಚಗಿದ್ದರೆ, ನೀವು ಬರುವ ಮುಂಚೆಯೇ ಕಾಯಿಸಿಟ್ಟಿದ್ದಾರೆಂದು ತಿಳಿಯಿರಿ. ಒಂದು ಗಂಟೆ ಆಟ ಓಡಿಸಿ, ಆರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ. ಬಿಸಿ ಕೊಟ್ಟ ಚಿಪ್ ಬಹಳ ಸಲ ಈ ಎರಡನೇ ಸುತ್ತಿನಲ್ಲೇ ಸಿಕ್ಕಿಬೀಳುತ್ತದೆ.

ಇನ್ನೂ ಕೆಡದ ಸೆಟ್ಟಿಗೆ ಒಳ್ಳೆಯ ಆರೈಕೆಯೆಂದರೆ ಧೂಳು ತೆಗೆದು, ಚಿಪ್ಪಿನ ಬಿಸಿಯನ್ನು ಹೊರಸಾಗಿಸಲು ಹಚ್ಚಿರುವ, ಈಗ ಒಣಗಿದ ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚಿಪ್ ಒಂದಕ್ಕೆ ಅಕ್ಕಿಕಾಳಿನಷ್ಟು ಹೊಸದು ಹಾಕುವುದು. ಟಿ8, ಟಿ10 ಟಾರ್ಕ್ಸ್ ಸ್ಕ್ರೂಡ್ರೈವರ್ ಎರಡೂ ಬೇಕು.

ರಿಪೇರಿ ಅಂಗಡಿಯವರಲ್ಲಿ ಕೋರಿಕೆ ಇಷ್ಟೇ: ಬಿಸಿ ಕೊಟ್ಟದ್ದಾದರೆ ಬಿಲ್ಲಿನಲ್ಲಿ ‘ಬಿಸಿ ಕೊಟ್ಟಿದೆ, ಗ್ಯಾರಂಟಿ ಇಲ್ಲ’ ಎಂದೇ ಬರೆಯಿರಿ. ಚಿಪ್ ಬದಲಿಸಿದ್ದರೆ ಹಳೆಯ ಚಿಪ್ಪನ್ನು ಗಿರಾಕಿಯ ಕೈಗೆ ಕೊಡಿ.

— ಎಲೆಕ್ಟ್ರಾನಿಕ್ಸ್ ರಿಪೇರಿ ಕಸುಬಿನ ಓದುಗ, ಬೆಂಗಳೂರು