ಮುಟ್ಟು ನಿಲ್ಲುವ ವಯಸ್ಸಿನ ಸುಸ್ತು: ಫೆರಿಟಿನ್ ಕೂಡ ನೋಡಿಸಿ

ಸಂಪಾದಕರಿಗೆ,

ಸಸ್ಯಾಹಾರ ಮತ್ತು ಋತುಬಂಧದ ಕುರಿತ ಬರಹಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಸಸ್ಯಾಹಾರಿಗಳಿಗೆ ಮುಟ್ಟು ಬೇಗ ನಿಲ್ಲುತ್ತದೆ ಎಂಬುದು ಒಂದು. ಸೋಯಾ, ಸೊಪ್ಪು ತಿಂದರೆ ಆ ಕಾಲ ಸಲೀಸಾಗಿ ಕಳೆಯುತ್ತದೆ ಎಂಬುದು ಇನ್ನೊಂದು. ಸಸ್ಯಾಹಾರಿ ಮಹಿಳೆಯರನ್ನು ನಿಜಕ್ಕೂ ಹಣ್ಣು ಮಾಡುವ ಸಂಗತಿ ಇವೆರಡರ ಗದ್ದಲದಲ್ಲಿ ಮರೆಯಾಗುತ್ತಿದೆ. ಅದು ನಲವತ್ತರ ನಂತರ ಹೆಚ್ಚುವ ರಕ್ತಸ್ರಾವ ಮತ್ತು ಅದರೊಂದಿಗೆ ಬರಿದಾಗುವ ಕಬ್ಬಿಣಾಂಶ.

ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದು ಊಟದಿಂದಲ್ಲ, ಅಂಡಾಶಯದಲ್ಲಿ ಅಂಡಗಳು ಮುಗಿಯುತ್ತಾ ಬರುವುದರಿಂದ. ಮೊದಮೊದಲು 28 ದಿನಕ್ಕೆ ಬರುತ್ತಿದ್ದದ್ದು 24ಕ್ಕೋ 22ಕ್ಕೋ ಬರತೊಡಗುತ್ತದೆ. ಒಂದು ಚಕ್ರಕ್ಕೂ ಮುಂದಿನದಕ್ಕೂ 7 ದಿನ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಪದೇ ಪದೇ ಕಂಡರೆ ಬದಲಾವಣೆಯ ಕಾಲ ಶುರುವಾಯಿತು ಎಂದು ಲೆಕ್ಕ. ನಡುವಿನ ಅಂತರ 60 ದಿನ ಮುಟ್ಟಿದರೆ ಕೊನೆಯ ಹಂತ. ಅದು ಸಾಮಾನ್ಯವಾಗಿ 1ರಿಂದ 3 ವರ್ಷ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎನ್ನಬೇಕು. ಅಂಡ ಬಿಡುಗಡೆಯಾಗದ ತಿಂಗಳಲ್ಲಿ, ಗರ್ಭಕೋಶದ ಒಳಪದರವನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಾಗುವುದಿಲ್ಲ. ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನು ಒಂದೇ ಆ ಪದರವನ್ನು ದಪ್ಪಗಾಗಿಸುತ್ತಾ ಹೋಗುತ್ತದೆ. ಅದು ಕಳಚಿ ಬೀಳುವಾಗ, ತಡವಾಗಿ ಬಂದ ಮುಟ್ಟು ಕೆಲವೊಮ್ಮೆ ಹತ್ತು ದಿನವಾದರೂ ನಿಲ್ಲುವುದಿಲ್ಲ.

ಈಗ ಲೆಕ್ಕ ಹಾಕಿ. 1 ಮಿಲಿ ರಕ್ತದೊಂದಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ಒಂದು ಮುಟ್ಟಿಗೆ 80 ಮಿಲಿ ಹೋದರೆ 40 ಮಿಲಿಗ್ರಾಂ. 22 ದಿನಕ್ಕೊಮ್ಮೆ ಹೀಗಾದರೆ ದಿನಕ್ಕೆ ಸರಾಸರಿ 1.8 ಮಿಲಿಗ್ರಾಂ, ಅದರ ಮೇಲೆ ಚರ್ಮ ಮತ್ತು ಕರುಳಿನಿಂದ ಹೇಗೂ ನಷ್ಟವಾಗುವ ಸುಮಾರು 1 ಮಿಲಿಗ್ರಾಂ. ಒಂದು ಕಪ್ ಬೇಯಿಸಿದ ಮಸೂರದಲ್ಲಿ 6 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಕಬ್ಬಿಣಾಂಶವಿದ್ದರೂ ಕರುಳು ಹೀರುವುದು ಅದರಲ್ಲಿ ನೂರಕ್ಕೆ ಐದೋ ಹತ್ತೋ ಪಾಲು, ಅಂದರೆ ಅರ್ಧ ಮಿಲಿಗ್ರಾಂ. ಮೈಯಲ್ಲಿನ ಕಬ್ಬಿಣಾಂಶದ ದಾಸ್ತಾನು ಇಳಿದಾಗ ಕರುಳು ಹೆಚ್ಚು ಹೀರಲು ನೋಡುತ್ತದೆ. ಆದರೆ ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಮತ್ತು ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅದನ್ನು ತಡೆಯುತ್ತವೆ.

ಹಾಗಾಗಿ ಎಷ್ಟು ತಿಂದೆವು ಎನ್ನುವುದಕ್ಕಿಂತ ಯಾವುದರ ಜೊತೆ ತಿಂದೆವು ಎನ್ನುವುದು ಮುಖ್ಯ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಸಿ ಜೀವಸತ್ವ ಹಾಳಾಗುತ್ತದೆ. ಒಂದು ನಿಂಬೆಯ ರಸದಲ್ಲಿ ಅದು ಸಿಗುವುದೇ 20 ಮಿಲಿಗ್ರಾಂ ಆಸುಪಾಸು. ಒಂದು ಕಿತ್ತಳೆ ಹಣ್ಣಿನಲ್ಲಿ 70. ಚಹಾ, ಕಾಫಿ ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಇಷ್ಟು ಮಾಡಿದರೂ ಬರಿದಾದ ದಾಸ್ತಾನು ಊಟದಿಂದಲೇ ತುಂಬುವುದು ಕಷ್ಟ. ಮಾತ್ರೆ ಬೇಕೇ ಎಂಬುದನ್ನು ತಿಳಿಯಲು ಬರೀ ಹಿಮೋಗ್ಲೋಬಿನ್ ಸಾಲದು, ಏಕೆಂದರೆ ದಾಸ್ತಾನು ಮುಗಿದ ಮೇಲಷ್ಟೇ ಅದು ಇಳಿಯುತ್ತದೆ. ದಾಸ್ತಾನು ಎಷ್ಟಿದೆ ಎಂದು ತೋರಿಸುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ಹಿಮೋಗ್ಲೋಬಿನ್ 12.5 ಇದ್ದು ಫೆರಿಟಿನ್ 9 ಇರುವ ಮಹಿಳೆಗೆ 'ರಕ್ತ ಚೆನ್ನಾಗಿದೆ, ವಯಸ್ಸಿನ ಸುಸ್ತು' ಎಂದು ಹೇಳಿ ಕಳಿಸುವುದು ತಪ್ಪು. ಫೆರಿಟಿನ್ 15ಕ್ಕಿಂತ ಕಡಿಮೆಯಿದ್ದರೆ ಕೊರತೆ ಖಚಿತ. 30ಕ್ಕಿಂತ ಕಡಿಮೆಯಿದ್ದರೂ ಅನೇಕ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಜ್ವರ, ಸೋಂಕು ಇದ್ದಾಗ ಪರೀಕ್ಷೆ ಮಾಡಿಸಬೇಡಿ, ಆಗ ಅದು ಸುಳ್ಳೇ ಏರಿರುತ್ತದೆ.

ಜೊತೆಗೆ ಬಿ12 ಜೀವಸತ್ವವನ್ನೂ ನೋಡಿಸಿ. ಕಬ್ಬಿಣಾಂಶ ಕಡಿಮೆಯಾದರೆ ಕೆಂಪು ರಕ್ತಕಣ ಕಿರಿದಾಗುತ್ತದೆ, ಬಿ12 ಕಡಿಮೆಯಾದರೆ ಹಿರಿದಾಗುತ್ತದೆ. ಎರಡೂ ಒಟ್ಟಿಗೆ ಕಡಿಮೆಯಿದ್ದರೆ ಸರಾಸರಿ ಗಾತ್ರ ತೋರಿಸುವ ಎಂಸಿವಿ ಸಾಲು 80ರಿಂದ 100ರ ನಡುವೆ, ಸರಿಯಾಗಿಯೇ ಕಾಣಬಹುದು. ಆಗ ಅದೇ ಹಾಳೆಯಲ್ಲಿ ಆರ್‌ಡಿಡಬ್ಲ್ಯು ಎಂಬ ಅಂಕಿ ಹುಡುಕಿ. ಕಣಗಳ ಗಾತ್ರ ಒಂದೇ ಸಮನಿಲ್ಲದಿದ್ದರೆ ಅದು ಏರಿರುತ್ತದೆ. ಬಿ12 ಕೊರತೆಯ ಮರೆವು, ಕಾಲಿನ ಜೋಮು, ಸಿಡುಕು ಇವೆಲ್ಲವನ್ನೂ ಋತುಬಂಧದ ತಲೆಗೇ ಕಟ್ಟಿಬಿಡುತ್ತಾರೆ. ಹಾಲು ಮೊಸರನ್ನೂ ಬಿಟ್ಟವರಿಗೆ ಬಿ12 ಮಾತ್ರೆಯೋ ಅದನ್ನು ಸೇರಿಸಿದ ಆಹಾರವೋ ಬೇಕೇ ಬೇಕು. ಸ್ಪಿರುಲಿನಾದಲ್ಲಿರುವುದು ಮೈಗೆ ಉಪಯೋಗಕ್ಕೆ ಬರುವ ಬಿ12 ಅಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಬಹುಕಾಲ ಅಸಿಡಿಟಿ ಮಾತ್ರೆ ನುಂಗುವವರಲ್ಲಿ ಕೊರತೆ ಇನ್ನೂ ಸಾಮಾನ್ಯ.

ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು ನುಂಗಿ, ಹೊಟ್ಟೆ ಕೆಟ್ಟು, ವಾರದಲ್ಲೇ ಬಿಟ್ಟುಬಿಡುವವರು ಬಹಳ. ಒಮ್ಮೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಹೀರುವಿಕೆಯನ್ನು ತಗ್ಗಿಸುತ್ತದೆ. ದಿನ ಬಿಟ್ಟು ದಿನ ಒಂದೇ ಮಾತ್ರೆ ಸಾಕೇ ಎಂದು ವೈದ್ಯರನ್ನು ಕೇಳಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು 3 ತಿಂಗಳು ಮುಂದುವರಿಸಿದರೆ ಮಾತ್ರ ದಾಸ್ತಾನು ತುಂಬುತ್ತದೆ.

ಸೋಯಾ ಬಗ್ಗೆ ಒಂದು ಮಾತು. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 12 ವಾರ ಹಾಲನ್ನೂ ಬಿಟ್ಟ, ಕೊಬ್ಬು ಕಡಿಮೆಯಿರುವ ಸಸ್ಯಾಹಾರದ ಜೊತೆ ದಿನಕ್ಕೆ ಅರ್ಧ ಕಪ್ ಬೇಯಿಸಿದ ಸೋಯಾ ಕಾಳು ತಿಂದವರಲ್ಲಿ ಋತುಬಂಧದಿಂದ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು ಬಹಳ ತಗ್ಗಿತ್ತು. ಅದರಲ್ಲಿದ್ದವರು 38 ಮಂದಿ, ತಾವೇನು ತಿನ್ನುತ್ತಿದ್ದೇವೆಂದು ಅವರಿಗೆ ಗೊತ್ತೂ ಇತ್ತು. ತಿಂದು ನೋಡುವುದರಲ್ಲಿ ನಷ್ಟವಿಲ್ಲ, ಆದರೆ ರಕ್ತಸ್ರಾವಕ್ಕೆ ಅದು ಮದ್ದಲ್ಲ. ಮುಟ್ಟು ಬೇಗ ನಿಲ್ಲುವ ಭಯಕ್ಕೆ ಸಸ್ಯಾಹಾರ ಬಿಡುವ ಅಗತ್ಯವಂತೂ ಇಲ್ಲ. ಚಿಂತಿಸಬೇಕಾದದ್ದು ಧೂಮಪಾನದ ಬಗ್ಗೆ.

ಕೆಲವು ಗಂಟೆ ಸತತವಾಗಿ ಗಂಟೆಗೊಂದು ಪ್ಯಾಡ್ ತೊಯ್ದರೆ, 2.5 ಸೆಂ.ಮೀ.ಗಿಂತ ದೊಡ್ಡ ರಕ್ತದ ಗಡ್ಡೆ ಬಿದ್ದರೆ, 7 ದಿನ ಮೀರಿದರೆ, ಮುಟ್ಟುಗಳ ನಡುವೆ ರಕ್ತ ಕಂಡರೆ ಊಟ ಬದಲಿಸುತ್ತಾ ಕೂರದೆ ಪರೀಕ್ಷೆ ಮಾಡಿಸಿ. ಗರ್ಭಕೋಶದ ಗಡ್ಡೆ (ಫೈಬ್ರಾಯ್ಡ್), ಒಳಪದರದ ಸಣ್ಣ ಬೆಳವಣಿಗೆ (ಪಾಲಿಪ್), ಥೈರಾಯ್ಡ್ ತೊಂದರೆ ಯಾವುದೂ ಇರಬಹುದು. 12 ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ ಗರ್ಭಕೋಶದ ಒಳಪದರವನ್ನು ನೋಡಿಸಲೇಬೇಕು. ಇನ್ನು, ಮುಟ್ಟು ನಿಂತು ದಾಸ್ತಾನೂ ತುಂಬಿದ ಮೇಲೆ ಕಬ್ಬಿಣಾಂಶದ ಅಗತ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಭ್ಯಾಸಬಲದಿಂದ ಮಾತ್ರೆ ಮುಂದುವರಿಸದೆ, ಫೆರಿಟಿನ್ ಇನ್ನೊಮ್ಮೆ ನೋಡಿಸಿ ನಿಲ್ಲಿಸಿ.

ಇಂತಿ,
ಒಬ್ಬ ಪೌಷ್ಟಿಕಾಹಾರ ತಜ್ಞೆ