ಯಾವ ರಿಲೀಫ್?

ಮಾನ್ಯರೇ,

ಪತ್ರಿಕೆಗಳ ತಲೆಬರಹಗಳಲ್ಲಿ ‘ರಿಲೀಫ್’ ಎಂಬ ಪದ ಜಾಸ್ತಿಯಾಗಿದ್ದು, ಓದುವವರಿಗೆ ಗೊಂದಲವಾಗುತ್ತಿದೆ. ಮೊನ್ನೆ ನಮ್ಮ ಓಣಿಯ ಅಜ್ಜನವರು ‘ಬೆಳೆ ವಿಮೆ: ರೈತರಿಗೆ ರಿಲೀಫ್’ ಎಂಬ ಸಾಲು ಓದಿ, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿದ್ದರು. ಗೋವಿನಜೋಳದ ವಿಮೆ ಹಣ ಜಮೆ ಆಗಿದೆ ಎಂದೇ ನಂಬಿದ್ದರು. ಸುದ್ದಿ ಇದ್ದದ್ದು ನೋಂದಣಿಯ ಕೊನೆಯ ದಿನ ಮುಂದೆ ಹೋದ ಬಗ್ಗೆ. ಬಿಸಿಲಲ್ಲಿ ಬರಿಗೈಲಿ ವಾಪಸ್ ಬಂದ ಅವರ ಮುಖ ನೋಡಿ ಸಂಕಟವಾಯಿತು.

ಇಂಗ್ಲಿಷಿನಲ್ಲಿ ಈ ಒಂದೇ ಪದಕ್ಕೆ ಹಲವು ಕೆಲಸ. ನೆರೆ ಬಂದಾಗ ಕೊಡುವ ದುಡ್ಡೂ ರಿಲೀಫ್, ನೋವು ಇಳಿದರೂ ರಿಲೀಫ್, ಕೋರ್ಟಿನ ತಡೆಯಾಜ್ಞೆಯೂ ರಿಲೀಫ್. ಲಕ್ಕುಂಡಿಯ ಗುಡಿ ಗೋಡೆಯ ಉಬ್ಬುಶಿಲ್ಪಕ್ಕೂ ಅದೇ ಹೆಸರು. ‘ಮೇಲಕ್ಕೆತ್ತು’ ಎಂಬ ಲ್ಯಾಟಿನ್ ಮೂಲದಿಂದ ಬಂದ ಪದ ಅಲ್ವಾ! ನಮ್ಮಲ್ಲಿ ಪರಿಹಾರ, ಜಾಮೀನು, ವಿನಾಯಿತಿ, ನಿರಾಳ ಎಂದು ಒಂದೊಂದಕ್ಕೂ ಬೇರೆ ಮಾತಿದೆ. 2019ರಲ್ಲಿ ವರದಾ ನದಿ ಉಕ್ಕಿದಾಗ ನಮ್ಮ ಜನ ‘ಪರಿಹಾರ ಬಂತಾ?’ ಎಂದೇ ಕೇಳುತ್ತಿದ್ದರು.

ಆದ್ದರಿಂದ ತಲೆಬರಹದಲ್ಲೇ ‘ವಿಮೆ ನೋಂದಣಿಗೆ ಇನ್ನಷ್ಟು ದಿನ’, ‘ನೆರೆ ಪರಿಹಾರ ಜಮೆ’ ಎಂದು ನೇರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಒಬ್ಬ ಓದುಗ, ಹಾವೇರಿ